ರೇಸ್ ಬಿಟ್ಟು ಬಂದ ಕುದುರೆ: ಅದಕ್ಕೆ ನನ್ನ ಮೇಲೆ ನಂಬಿಕೆ ಬರೋದು ಹೇಗೆ?

ಲಾಯದ_ಹುಡುಗಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹೊರವಲಯದ ಒಂದು ಸಣ್ಣ ಲಾಯದಲ್ಲಿ ಸವಾರಿ ಕಲಿತವಳು ನಾನು. ಹೋದ ಮಳೆಗಾಲದಲ್ಲಿ ಮನೆಯವರನ್ನೆಲ್ಲ ಒಪ್ಪಿಸಿ, ರೇಸಿನಿಂದ ನಿವೃತ್ತಿಯಾದ ಏಳು ವರ್ಷದ ಥರೋಬ್ರೆಡ್ (ರೇಸಿಗಂತಲೇ ಬೆಳೆಸೋ ತಳಿ) ಗೆಲ್ಡಿಂಗ್, ಅಂದರೆ ಬೀಜ ತೆಗೆಸಿದ ಗಂಡು ಕುದುರೆ, ಒಂದನ್ನ ತಗೊಂಡೆ. ದಾಖಲೆಯಲ್ಲಿ ದೊಡ್ಡ ಹೆಸರಿದೆ. ಲಾಯದಲ್ಲಿ ಎಲ್ಲರ ಬಾಯಲ್ಲೂ ಕರಿಯ.

ಕರಿಯ ಕೆಟ್ಟ ಕುದುರೆ ಅಲ್ಲ. ಬೇರೆ ಕುದುರೆಗಳ ಜೊತೆ ಬಯಲಿಗೆ ಬಿಟ್ಟರೆ ಹಾಯಾಗಿರ್ತಾನೆ. ಆದರೆ ಜೀನು ಎತ್ತಿಕೊಂಡು ಹೋದ ಕೂಡಲೇ ಕಿವಿ ಹಿಂದಕ್ಕೆ ಅಂಟಿಸ್ತಾನೆ, ಜೀನು ಕಟ್ಟೋ ಹೊಟ್ಟೆಪಟ್ಟಿ ಬಿಗಿಯೋವಾಗ ತಿರುಗಿ ಕಚ್ಚೋಕೆ ಬರ್ತಾನೆ. ರಿಕಾಪಿಗೆ ಕಾಲಿಟ್ಟರೆ ನಿಲ್ಲಲ್ಲ, ನಾನು ಸರಿಯಾಗಿ ಕೂರೋ ಮೊದಲೇ ಹೊರಟುಬಿಡ್ತಾನೆ. ಮೈದಾನದ ಆಚೆ ಮೂಲೇಲಿ ಹುಣಸೆಮರದ ನೆರಳಿದೆ, ಅದರ ಕೆಳಗೆ ಒಂದು ನೀಲಿ ಡ್ರಮ್ಮು. ಅಲ್ಲಿಗೆ ಬಂದಾಗಲೆಲ್ಲ ಪಕ್ಕಕ್ಕೆ ಹಾರ್ತಾನೆ. ಇನ್ನು ಬೆಳಗ್ಗೆ ನಾನು ಬಾಗಿಲು ತೆಗೆದರೆ ಗೋಡೆ ಕಡೆ ಮುಖ ಮಾಡಿ, ನನಗೆ ಬೆನ್ನು ಕೊಟ್ಟು ನಿಲ್ತಾನೆ. ಉಳಿದಿದ್ದೆಲ್ಲಕ್ಕಿಂತ ಅದೇ ನನಗೆ ಜಾಸ್ತಿ ಸಂಕಟ.

ಟ್ರೋಫಿ, ಪದಕ ನನಗೆ ಬೇಡ. ಅವನ ಜೊತೆ ಕೆರೆ ಏರಿ ಮೇಲೆ ನೆಮ್ಮದಿಯಾಗಿ ಹೋಗಿಬರಬೇಕು, ಅದು ಅವನಿಗೂ ಇಷ್ಟ ಆಗಬೇಕು. ಲಾಯದಲ್ಲಿ ಒಬ್ಬರು ಚಾವಟಿ ತೋರಿಸು ಅಂತಾರೆ, ಇನ್ನೊಬ್ಬರು ಬೆಲ್ಲ ತಿನ್ನಿಸು ಅಂತಾರೆ. ಅನುಭವ ಇರೋರು ದಯವಿಟ್ಟು ಹೇಳಿ, ಎಲ್ಲಿಂದ ಶುರು ಮಾಡಲಿ?

ನಾಗಾಲೋಟ

ಮೇಡಂ, ನಾನು ತುಂಬಾ ವರ್ಷದಿಂದ ಥರೋಬ್ರೆಡ್‌ಗಳ ಮೇಲೇ ಕೂತವನು. ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವನು ನಿಮ್ಮನ್ನ ಅಳೀತಿದ್ದಾನೆ. ಗುಂಪಿನಲ್ಲಿ ಯಾರು ಮೇಲೆ ಯಾರು ಕೆಳಗೆ ಅನ್ನೋದು ಪ್ರತಿ ಕುದುರೆಗೂ ಗೊತ್ತಿರುತ್ತೆ. ನೀವು ಒಂದು ಸಲ ಹಿಂದೆ ಸರಿದರೆ ಮರುದಿನ ಎರಡು ಹೆಜ್ಜೆ ಮುಂದೆ ಬರ್ತಾನೆ. ಕಚ್ಚೋಕೆ ಬಂದಾಗ ಗಟ್ಟಿಯಾಗಿ ಒಂದು ಏಟು, ಆ ಮೂಲೇಲಿ ಕಾಲು ಒತ್ತಿ, ಚಾವಟಿ ಮುಟ್ಟಿಸಿ ದಾಟಿಸಿ. ಸುಮಾರು ಐನೂರು ಕೆಜಿ ಪ್ರಾಣಿ ಅದು. ಯಜಮಾನಿಕೆ ನಿಮ್ಮ ಕೈಲಿ ಇಲ್ಲದಿದ್ದರೆ ಮೂಳೆ ಮುರಿಯೋದು ನಿಮ್ಮದೇ. ಹೆಲ್ಮೆಟ್ ಇಲ್ಲದೆ ಹತ್ತಿರಕ್ಕೂ ಹೋಗಬೇಡಿ.

ಪಶುವೈದ್ಯ_ತುಮಕೂರು

ಹೆಲ್ಮೆಟ್ ವಿಷಯಕ್ಕೆ ನನ್ನ ಪೂರ್ತಿ ಬೆಂಬಲ. ಏಟಿನ ವಿಷಯಕ್ಕೆ ಇಲ್ಲ.

ತಂಗಿ, ತರಬೇತಿ ಮಾತು ಆಮೇಲೆ. ನೀವು ಬರೆದದ್ದರಲ್ಲಿ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಹೊಟ್ಟೆಪಟ್ಟಿ. ಬಿಗಿಯುವಾಗ ಕಿವಿ ಅಂಟಿಸಿ ಕಚ್ಚಲು ಬರುವ ಕುದುರೆಗೆ ಎಲ್ಲೋ ನೋವಿದೆ ಅಂತಲೇ ಇಟ್ಟುಕೊಂಡು ಹುಡುಕಬೇಕು. ನೋವಿಲ್ಲ ಅಂತ ಖಾತ್ರಿಯಾದ ಮೇಲೆ ಸ್ವಭಾವದ ಬಗ್ಗೆ ಮಾತಾಡೋಣ.

ಮೊದಲ ಅನುಮಾನ ಜಠರದ ಹುಣ್ಣು. ಕುದುರೆಯ ಜಠರದಲ್ಲಿ ಆಮ್ಲ ಇಡೀ ದಿನ ಒಸರುತ್ತಲೇ ಇರುತ್ತದೆ, ಮೇವು ಇರಲಿ ಬಿಡಲಿ. ಅದನ್ನು ತಣಿಸುವ ಜೊಲ್ಲು ಬರುವುದು ಅಗಿಯುವಾಗ ಮಾತ್ರ. ಹುಲ್ಲುಗಾವಲಿನಲ್ಲಿ ದಿನದ ಹೆಚ್ಚು ಹೊತ್ತು ಮೇಯುತ್ತಲೇ ಇರುವ ಪ್ರಾಣಿಗೆ ಇದರಿಂದ ತೊಂದರೆಯಿಲ್ಲ. ರೇಸ್ ಲಾಯದ ಕಥೆ ಬೇರೆ. ದಿನವಿಡೀ ಕಟ್ಟಿದ ಜಾಗ, ಕಾಳು ಹೆಚ್ಚು, ಹುಲ್ಲು ಕಡಿಮೆ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ವೇಗದ ಓಟ. ಓಡುವಾಗ ಆಮ್ಲ ಜಠರದ ಮೇಲ್ಭಾಗಕ್ಕೆ ಚಿಮ್ಮುತ್ತದೆ, ಅಲ್ಲಿನ ಒಳಪದರಕ್ಕೆ ಅದನ್ನು ತಡೆದುಕೊಳ್ಳುವ ಶಕ್ತಿಯಿಲ್ಲ. ರೇಸ್ ತರಬೇತಿಯಲ್ಲಿರುವ ಕುದುರೆಗಳಲ್ಲಿ ಬಹುಪಾಲಿಗೆ ಹುಣ್ಣು ಕಾಣುತ್ತದೆ. ಎಂಡೋಸ್ಕೋಪಿ ಮಾಡಿದರೆ ಖಚಿತವಾಗುತ್ತದೆ, ಔಷಧವೂ ಇದೆ. ಮೆಡಿಕಲ್ ಅಂಗಡಿಯಿಂದ ತಂದು ನೀವೇ ಕೊಡಲು ಹೋಗಬೇಡಿ. ಇವತ್ತಿನಿಂದಲೇ ನೀವು ಮಾಡಬಹುದಾದದ್ದು ಒಂದಿದೆ: ಸವಾರಿಗೆ ಮೊದಲು ಒಂದಿಷ್ಟು ಒಣಹುಲ್ಲು ತಿನ್ನಲು ಬಿಡಿ.

ಎರಡನೆಯದು ಜೀನು. ರೇಸ್ ಬಿಟ್ಟ ಕುದುರೆಯ ಬೆನ್ನಿನ ಸ್ನಾಯು ಕೆಲವೇ ತಿಂಗಳಲ್ಲಿ ಆಕಾರ ಬದಲಿಸುತ್ತದೆ. ಸವಾರಿ ಮುಗಿಸಿ ಜೀನು ತೆಗೆದಾಗ ಬೆವರಿನ ಗುರುತು ನೋಡಿ. ಸುತ್ತ ಒದ್ದೆ, ನಡುವೆ ಅಂಗೈಯಗಲ ಒಣಗಿದ ಜಾಗ ಇದ್ದರೆ ಅಲ್ಲಿ ಜೀನು ಒತ್ತುತ್ತಿದೆ. ಮೂರನೆಯದು ಹಲ್ಲು. ಕುದುರೆಯ ದವಡೆಹಲ್ಲು ವರ್ಷಕ್ಕೆ ಎರಡು ಮೂರು ಮಿಲಿಮೀಟರ್ ಹೊರಬರುತ್ತಲೇ ಇರುತ್ತದೆ, ಸವೆತ ಸಮನಾಗಿರದಿದ್ದರೆ ಅಂಚು ಚೂಪಾಗಿ ಕೆನ್ನೆ ಕೊಯ್ಯುತ್ತದೆ. ಅಂಥ ಬಾಯಿಗೆ ಕಡಿವಾಣ ಹಾಕಿ ಎಳೆದರೆ ಅದು ತಲೆ ಕೊಡವದೆ ಇನ್ನೇನು ಮಾಡೀತು?

ಬ್ರಿಟನ್ನಿನ ಪಶುವೈದ್ಯೆ ಸ್ಯೂ ಡೈಸನ್ ಮತ್ತವರ ತಂಡ 2018ರಲ್ಲಿ, ಸವಾರಿಯ ಹೊತ್ತಿನಲ್ಲಿ ಗಮನಿಸಬೇಕಾದ 24 ವರ್ತನೆಗಳ ಪಟ್ಟಿ ಪ್ರಕಟಿಸಿತು. ಕಿವಿ ಹಿಂದಕ್ಕೆ ಹೋಗುವುದು, ಬಾಯಿ ಮತ್ತೆ ಮತ್ತೆ ತೆರೆಯುವುದು, ಬಾಲ ಬೀಸುವುದು, ದಿಟ್ಟಿಸಿದ ನೋಟ, ಹೀಗೆ. ಎಂಟು ಅಥವಾ ಅದಕ್ಕಿಂತ ಹೆಚ್ಚು ಒಂದೇ ಕುದುರೆಯಲ್ಲಿ ಕಂಡರೆ ನೋವಿರುವ ಸಾಧ್ಯತೆ ಬಹಳ. ಇವುಗಳಲ್ಲಿ ಹಲವನ್ನು ನಾವು ದಶಕಗಳಿಂದ ಹಟ, ಸೊಕ್ಕು ಅಂತ ಕರೆದುಕೊಂಡು ಬಂದಿದ್ದೇವೆ.

ಟಾಂಗಾ_ಮೊಮ್ಮಗ

ಡಾಕ್ಟ್ರು ಹೇಳಿದ್ದನ್ನ ಮೊದಲು ಮಾಡಿ ಅಕ್ಕ. ನಾನು ಬೇರೆ ಒಂದು ವಿಷಯ ಸೇರಿಸ್ತೀನಿ.

ನಮ್ಮ ತಾತ ಮೈಸೂರಲ್ಲಿ ಟಾಂಗಾ ಓಡಿಸ್ತಿದ್ರು. ಅವರ ಹತ್ರ ಕುದುರೆಗೆ ಚಾವಟಿ ಇತ್ತು, ಆದ್ರೆ ಅದು ಬೀಳ್ತಿದ್ದದ್ದು ಗಾಡಿ ಚಕ್ರದ ಮೇಲೆ. ಮೊಮ್ಮಕ್ಕಳಿಗೆ ಮನೇಲಿ ಒಂದೇ ಕಟ್ಟುನಿಟ್ಟು: ಹೆಸರು ಕೂಗದೆ ಕುದುರೆ ಹಿಂದೆ ಹೋಗಬಾರದು. ಅದಕ್ಕೆ ಕಣ್ಣು ತಲೆಯ ಎರಡು ಪಕ್ಕದಲ್ಲಿರೋದ್ರಿಂದ ಹೆಚ್ಚುಕಮ್ಮಿ ಸುತ್ತಲೂ ಕಾಣುತ್ತೆ, ಆದ್ರೆ ಬಾಲದ ನೇರ ಹಿಂದೆ ಕಾಣಲ್ಲ, ಹಣೆಯ ನೇರ ಮುಂದೆ ಕಾಣಲ್ಲ. ಪ್ರೀತಿಯಿಂದ ಹಣೆ ಸವರೋಣ ಅಂತ ಎದುರಿನಿಂದ ಕೈ ಚಾಚ್ತೀವಲ್ಲ, ಆ ಕೈ ಅದಕ್ಕೆ ಎಲ್ಲಿಂದಲೋ ಬಂದ ಹಾಗೆ.

ನಮ್ಮ ತಾತ ಹಣೆ ಮುಟ್ಟುತ್ತಾನೇ ಇರ್ಲಿಲ್ಲ. ಭುಜದ ಪಕ್ಕ ನಿಂತು, ಕತ್ತು ಮುಗಿದು ಬೆನ್ನು ಶುರುವಾಗೋ ಕಡೆ ದಿಬ್ಬದ ಥರ ಇರುತ್ತಲ್ಲ, ಅಲ್ಲಿ ಉಗುರಿಂದ ಕೆರೀತಿದ್ರು. ಕುದುರೆಗಳು ಒಂದಕ್ಕೊಂದು ಹಲ್ಲಲ್ಲಿ ಉಜ್ಜಿಕೊಳ್ಳೋದೂ ಅಲ್ಲೇ. ಮೇಲ್ದುಟಿ ಉದ್ದ ಮಾಡ್ಕೊಂಡು ಅದುರಿಸ್ತಾ, ಕಣ್ಣು ಅರ್ಧ ಮುಚ್ಚಿಕೊಂಡು ನಿಂತುಬಿಡೋದು. ನೀವು ಬೆಳಗ್ಗೆ ಹೋದಾಗ ಜೀನು, ಲಗಾಮು ಏನೂ ಹಿಡೀದೆ ಹೋಗಿ. ಕೆರೀರಿ, ಬನ್ನಿ. ನೀವು ಬಂದಾಗಲೆಲ್ಲ ಕೆಲಸ ಅಂತ ಅವನು ತಿಳ್ಕೊಂಡಿದ್ರೆ ಗೋಡೆ ನೋಡ್ಕೊಂಡು ನಿಲ್ಲೋದರಲ್ಲಿ ಏನು ಆಶ್ಚರ್ಯ?

ಪಶುವೈದ್ಯ_ತುಮಕೂರು

ನಿಮ್ಮ ತಾತ ಮಾಡುತ್ತಿದ್ದುದಕ್ಕೆ ಅಳತೆಯ ಆಧಾರವೂ ಇದೆ. ಆ ಜಾಗದಲ್ಲಿ ಕೆರೆದರೆ ಹೃದಯದ ಬಡಿತ ಇಳಿಯುತ್ತದೆ, ಬೇರೆ ಕಡೆ ಕೆರೆದರೆ ಅಷ್ಟು ಇಳಿಯುವುದಿಲ್ಲ. ಕತ್ತಿಗೆ ಪಟಪಟ ತಟ್ಟುವುದಕ್ಕಿಂತ ಇದು ಎಷ್ಟೋ ಮೇಲು.

ಹ್ಯಾನೋವರ್_ಕನ್ನಡಿಗ

ನಾನು ಜರ್ಮನಿಯಲ್ಲಿದ್ದೀನಿ, ವಾರಾಂತ್ಯ ಪೂರ್ತಿ ಲಾಯದಲ್ಲೇ. ನಾಗಾಲೋಟ ಅವರೇ, ನಿಮ್ಮ ಅನುಭವದ ಮೇಲೆ ಗೌರವ ಇಟ್ಕೊಂಡೇ ಹೇಳ್ತೀನಿ, ಆ ಮೂಲೇಲಿ ಚಾವಟಿ ಅನ್ನೋದನ್ನ ನಾನು ಒಪ್ಪಲ್ಲ. ಕುದುರೆ ಡ್ರಮ್ಮನ್ನ ಕಂಡು ಬೆಚ್ಚುತ್ತೆ, ಅದೇ ಕ್ಷಣ ಏಟು ಬೀಳುತ್ತೆ. ಅದರ ತಲೇಲಿ ಉಳಿಯೋದೇನು? ಈ ಜಾಗ ಅಪಾಯ ಅಂತ ನನಗನಿಸಿದ್ದು ನಿಜ, ಇಲ್ಲಿ ನೋವಾಗುತ್ತೆ ಅಂತ. ನೀವು ಅದರ ಭಯಕ್ಕೆ ಸಾಕ್ಷಿ ಹೇಳಿದ ಹಾಗಾಯ್ತು.

ಇನ್ನೊಂದು. ಆ ಮೂಲೆಯಲ್ಲಿ ಬೆಚ್ಚೋದು ಕರಿಯ ಒಬ್ಬನೇನಾ ಅಂತ ನನಗೆ ಅನುಮಾನ. ಸ್ವೀಡನ್ನಿನಲ್ಲಿ ಒಂದು ಪ್ರಯೋಗ ಮಾಡಿದರು, 2009ರಲ್ಲಿ ಪ್ರಕಟ ಆಯ್ತು. ಜನ ಕುದುರೆ ಮೇಲೆ ಕೂತು ಅಥವಾ ಹಿಡ್ಕೊಂಡು ಒಂದೇ ದಾರಿಯಲ್ಲಿ ನಾಲ್ಕು ಸಲ ಹೋಗಬೇಕು. ನಾಲ್ಕನೇ ಸಲಕ್ಕೆ ಮೊದಲು, ಈ ಸಲ ನೀವು ದಾಟುವಾಗ ಛತ್ರಿ ಬಿಚ್ಚುತ್ತೀವಿ ಅಂದರು. ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು, ಅವರ ಜೊತೆ ಕುದುರೆಯದೂ ಏರಿತು. ಛತ್ರಿಯ ವಿಷಯ ಕುದುರೆಗೆ ಗೊತ್ತೇ ಇಲ್ಲ, ಅದಕ್ಕೆ ಸಿಕ್ಕಿದ್ದು ಸವಾರರ ಆತಂಕ ಮಾತ್ರ.

ಇಲ್ಲಿ ಬರ್ಲಿನ್ನಿನಲ್ಲಿ ಹಿಂದೆ ಹಾನ್ಸ್ ಅಂತ ಒಂದು ಕುದುರೆ ಇತ್ತು. ಲೆಕ್ಕ ಕೇಳಿದರೆ ಗೊರಸು ಬಡಿದು ಉತ್ತರ ಕೊಡ್ತಿತ್ತು. 1904ರಲ್ಲಿ ಒಂದು ಸಮಿತಿ ಕೂತು ನೋಡಿತು, ಮೋಸ ಏನೂ ಸಿಗಲಿಲ್ಲ. ಆಮೇಲೆ ಆಸ್ಕರ್ ಪ್‌ಫುಂಗ್ಸ್ಟ್ ಅನ್ನೋರು ಪರೀಕ್ಷೆ ಮಾಡಿ 1907ರಲ್ಲಿ ಬರೆದರು: ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ, ಅಥವಾ ಕೇಳುವವರು ಕಾಣದಿದ್ದರೆ, ಹಾನ್ಸ್‌ಗೂ ಉತ್ತರ ಬರ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದಾಗ ಕೇಳಿದವರ ತಲೆ, ಮೈ ತಮಗೇ ತಿಳೀದಷ್ಟು ಅಲುಗುತ್ತೆ, ಹಾನ್ಸ್ ಅದನ್ನ ನೋಡಿ ಬಡಿಯೋದು ನಿಲ್ಲಿಸ್ತಿತ್ತು. ಹಾನ್ಸ್‌ಗೆ ಲೆಕ್ಕ ಬರಲ್ಲ ಅಂತಾಯ್ತು. ನನಗಂತೂ ಲೆಕ್ಕಕ್ಕಿಂತ ಇದೇ ದೊಡ್ಡದು. ನಮ್ಮ ಮೈಯನ್ನ ಅಷ್ಟು ಸೂಕ್ಷ್ಮವಾಗಿ ಓದೋ ಪ್ರಾಣಿ ಮೇಲೆ ನಾವು ಕೂತಿರ್ತೀವಿ.

ಹಾಗಾಗಿ ಹುಣಸೆಮರ ಹತ್ತಿರ ಬಂದಾಗ ನಿಮ್ಮ ಉಸಿರು ಎಲ್ಲಿ ನಿಲ್ಲುತ್ತೆ, ಲಗಾಮು ಎಷ್ಟು ಮೊಟಕಾಗುತ್ತೆ, ಸ್ವಲ್ಪ ಗಮನಿಸಿ. ಮೂಲೆ ಬರೋಕೆ ಮೊದಲೇ ಉಸಿರು ಉದ್ದವಾಗಿ ಬಿಡಿ, ಕಣ್ಣು ಡ್ರಮ್ಮಿನ ಮೇಲೆ ಬೇಡ, ಮುಂದೆ ಹೋಗಬೇಕಾದ ದಾರಿ ಮೇಲಿರಲಿ.

ನಾಗಾಲೋಟ

ಸರ್, ನೀವು ಹೇಳಿದ್ದು ಓದಿದೆ. ಭಯಕ್ಕೆ ಏಟು ಬೇಡ ಅನ್ನೋದನ್ನ ಒಪ್ತೀನಿ, ಅದರಲ್ಲಿ ತರ್ಕ ಇದೆ. ಆದರೆ ಕಚ್ಚೋದು, ಮೈಮೇಲೆ ನುಗ್ಗೋದು ಬೇರೆ. ಕುದುರೆಗೆ ಪಾಪ ಅನ್ಕೊಂಡು ಹಗ್ಗ ಸಡಿಲ ಬಿಟ್ಟು ಕಾಲಿನ ಮೇಲೆ ಗೊರಸು ಇಡಿಸ್ಕೊಂಡೋರನ್ನ ನಾನು ನೋಡಿದ್ದೀನಿ. ಗಡಿ ಅನ್ನೋದೊಂದು ಇರಬೇಕಲ್ಲ? ಇವತ್ತು ತಳ್ಳಿದರೆ ಸುಮ್ಮನಿದ್ದು ನಾಳೆ ತಳ್ಳಿದರೆ ಕಿರುಚಿದರೆ ಅದಕ್ಕೆ ಏನು ಅರ್ಥ ಆಗುತ್ತೆ?

ಹ್ಯಾನೋವರ್_ಕನ್ನಡಿಗ

ಗಡಿ ಖಂಡಿತ ಬೇಕು, ಕೊನೇ ವಾಕ್ಯಕ್ಕೆ ನನ್ನ ಸಹಿ. ಗಡಿ ಹಾಕೋಕೆ ಏಟು ಬೇಕಾಗಿಲ್ಲ ಅಷ್ಟೇ. ಹಗ್ಗ ಸ್ವಲ್ಪ ಅಲುಗಿಸಿ ಒಂದು ಹೆಜ್ಜೆ ಹಿಂದೆ ಹೋಗು ಅಂತ ಕೇಳಿ. ಅದು ತೂಕ ಹಿಂದಕ್ಕೆ ವಾಲಿಸಿದ ಕ್ಷಣವೇ ಹಗ್ಗ ಸುಮ್ಮನಾಗಬೇಕು. ಹೆಜ್ಜೆ ಪೂರ್ತಿ ಆಗೋವರೆಗೂ ಕಾಯಬೇಡಿ. ಕುದುರೆ ಕಲಿಯೋದು ಒತ್ತಡದಿಂದ ಅಲ್ಲ, ಒತ್ತಡ ಬಿಟ್ಟ ಗಳಿಗೆಯಿಂದ. ಎರಡು ಮೂರು ಸೆಕೆಂಡ್ ತಡವಾಗಿ ಬಿಟ್ಟರೆ, ಅಷ್ಟರಲ್ಲಿ ಅದು ಮಾಡಿದ್ದ ಬೇರೆ ಯಾವುದೋ ಕೆಲಸಕ್ಕೆ ಆ ಬಿಡುಗಡೆ ಸೇರಿಹೋಗುತ್ತೆ.

ನಂಬಿಕೆ ಅಂತ ನಾವು ಕರೆಯೋದರ ತಿರುಳು ನನ್ನ ಪ್ರಕಾರ ಇದೇ. ನೀವು ಮುಂದೆ ಏನು ಮಾಡ್ತೀರಿ ಅಂತ ಅದಕ್ಕೆ ಮೊದಲೇ ತಿಳಿದಿರಬೇಕು. ಒಂದೇ ಸೂಚನೆಗೆ ಒಂದೇ ಅರ್ಥ, ಅದು ಸರಿಯಾಗಿ ಮಾಡಿದರೆ ತಕ್ಷಣ ಬಿಡುಗಡೆ. ಇವಿಷ್ಟು ಇದ್ದರೆ ಪ್ರೀತಿ ತಾನಾಗಿ ಬರುತ್ತೆ. ಇವಿಲ್ಲದೆ ಬರೀ ಮುದ್ದು ಮಾಡಿದರೆ ಕುದುರೆ ಗೊಂದಲದಲ್ಲೇ ಇರುತ್ತೆ.

ಹೊಸ_ಸವಾರ

ಹಾಗಾದರೆ ಬೆಲ್ಲ, ಕ್ಯಾರೆಟ್ ಕೊಡಲೇಬಾರದಾ ಸರ್?

ಪಶುವೈದ್ಯ_ತುಮಕೂರು

ಕೊಡಬಹುದು. ಸರಿಯಾಗಿ ಮಾಡಿದ ಕೂಡಲೇ ಕೊಟ್ಟರೆ ಅದೂ ಒಳ್ಳೆಯ ಪಾಠವೇ. ಜೇಬು ಮೂಸಿದಾಗ, ಕೈ ತಳ್ಳಿದಾಗ ಕೊಟ್ಟರೆ ಜೇಬು ಕಚ್ಚುವುದನ್ನು ನೀವೇ ಕಲಿಸಿದ ಹಾಗೆ. ಬೆಲ್ಲ ಚಿಟಿಕೆಯಷ್ಟು ಸಾಕು. ಕ್ಯಾರೆಟ್ಟನ್ನು ಉದ್ದಕ್ಕೆ ಸೀಳಿ ಕೊಡಿ, ದುಂಡಗೆ ಹೆಚ್ಚಿದ ಬಿಲ್ಲೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ ಅನ್ನುವುದನ್ನು ತಿನ್ನಿಸುವ ಪ್ರತಿಯೊಬ್ಬರೂ ನೆನಪಿಡಬೇಕು.

ಅಶ್ವದಳ_ನಿವೃತ್ತ

ಮೈಸೂರಿನ ಅಶ್ವಾರೋಹಿ ದಳದಲ್ಲಿದ್ದು ನಿವೃತ್ತನಾದವನು ನಾನು. ರೇಸ್ ಬಿಟ್ಟು ಬಂದ ಕುದುರೆಗಳನ್ನು ಹತ್ತಿರದಿಂದ ಕಂಡಿದ್ದೇನೆ. ಮಗಳೇ, ನಿನ್ನ ಎರಡನೇ ಸಮಸ್ಯೆಗೆ ಯಾರೂ ಉತ್ತರ ಕೊಟ್ಟಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಹತ್ತುವಾಗ ಅವನು ನಿಲ್ಲುವುದಿಲ್ಲ ಅಂದೆಯಲ್ಲ, ನಿಲ್ಲು ಅಂತ ಅವನಿಗೆ ಯಾರೂ ಹೇಳಿಕೊಟ್ಟೇ ಇಲ್ಲ. ರೇಸಿನಲ್ಲಿ ಜಾಕಿಯ ಕಾಲು ಹಿಡಿದು ಎತ್ತಿ ಕೂರಿಸುತ್ತಾರೆ, ಎಷ್ಟೋ ಸಲ ಕುದುರೆ ನಡೆಯುತ್ತಿರುವಾಗಲೇ. ಒಂದು ಪಕ್ಕ ರಿಕಾಪಿಗೆ ಭಾರ ಬಿಟ್ಟು ಏರುವ ಮನುಷ್ಯನನ್ನು ಅವನು ಕಂಡಿರುವುದೇ ಕಡಿಮೆ. ಲಗಾಮೂ ಹಾಗೆಯೇ. ನೀನು ಬಿಗಿ ಹಿಡಿದರೆ ನಿಲ್ಲಬೇಕು ಅಂತ ನಿನ್ನ ಲೆಕ್ಕ. ಓಟದಲ್ಲಿ ಲಗಾಮು ಬಿಗಿಯಾದರೆ ಅದಕ್ಕೆ ವಾಲಿಕೊಂಡು ಓಡಬೇಕು ಅಂತ ಅವನ ಲೆಕ್ಕ. ಅವನು ತನಗೆ ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದಾನೆ. ಅದಕ್ಕೆ ಹೊಡೆದರೆ ಅನ್ಯಾಯವಾಗುತ್ತದೆ.

ಕಲ್ಲಿನ ಮೆಟ್ಟಿಲೋ ಗಟ್ಟಿ ಸ್ಟೂಲೋ ಇಟ್ಟುಕೋ. ಅವನನ್ನು ಪಕ್ಕಕ್ಕೆ ತಂದು ನಿಲ್ಲಿಸು. ನೀನು ಸ್ಟೂಲ್ ಹತ್ತು, ಅವನು ನಿಂತಿದ್ದರೆ ಇಳಿದು ಕರೆದುಕೊಂಡು ಹೋಗು. ಇನ್ನೊಂದು ಸಲ ಜೀನಿನ ಮೇಲೆ ಕೈಯೂರಿ ಭಾರ ಬಿಡು, ತೆಗೆ. ಮತ್ತೊಂದು ಸಲ ರಿಕಾಪಿನಲ್ಲಿ ಕಾಲಿಟ್ಟು ತೆಗೆ. ಹೊರಟರೆ ಬೈಯಬೇಡ, ಸುತ್ತು ಹಾಕಿಸಿ ಮತ್ತೆ ಅಲ್ಲಿಗೇ ತಾ. ಕೂತ ಮೇಲೂ ತಕ್ಷಣ ಹೊರಡಬೇಡ. ಸುಮ್ಮನೆ ಕೂತು ಕತ್ತಿನ ಬುಡ ಕೆರೆ, ಆಮೇಲೆ ನಡೆ. ಕೂತ ಕೂಡಲೇ ಓಟ ಇಲ್ಲ ಅಂತ ಅವನ ಮೈಗೆ ತಿಳಿಯುವವರೆಗೆ ಇಷ್ಟೇ ಕೆಲಸ.

ಈಗ ಭಯದ ಮಾತು. ದಸರಾಕ್ಕೆ ಮೊದಲು ಆನೆ, ಕುದುರೆಗಳಿಗೆ ಸಿಡಿಮದ್ದು ತಾಲೀಮು ಮಾಡುವುದನ್ನು ನೀವೆಲ್ಲ ಪತ್ರಿಕೆಯಲ್ಲಿ ನೋಡಿರುತ್ತೀರಿ. ಜಂಬೂಸವಾರಿ ದಿನ 21 ಕುಶಾಲತೋಪು ಸಿಡಿಯುವಾಗ ಆ ಜನಜಂಗುಳಿಯ ನಡುವೆ ಒಂದು ಕುದುರೆ ಬೆದರಿದರೂ ಅನಾಹುತ. ತಾಲೀಮಿನ ಮೊದಲ ದಿನ ಹೊಸ ಕುದುರೆ ನಡುಗುತ್ತದೆ, ಕಣ್ಣಿನ ಬಿಳಿ ಕಾಣುತ್ತದೆ, ಎಳೆದಾಡುತ್ತದೆ. ಅದನ್ನು ದೂರದಲ್ಲಿ, ಪಳಗಿದ ಹಿರಿಯ ಕುದುರೆಯ ಪಕ್ಕ ನಿಲ್ಲಿಸಬೇಕು. ಹಿರಿಯದು ಕಿವಿ ಆಡಿಸಿ ಸುಮ್ಮನಾದರೆ ಹೊಸದು ಅದನ್ನೇ ನೋಡಿ ಅರ್ಧ ಕಲಿಯುತ್ತದೆ. ಹಿಡಿದವನು ಬಿಗಿಯಾಗಿ ಜಗ್ಗಿದರೆ ಕೆಲಸ ಕೆಟ್ಟಿತು. ಅವನು ಎಂದಿನ ದನಿಯಲ್ಲಿ ಮಾತಾಡುತ್ತ ನಿಂತಿರಬೇಕು. ದಿನ ಕಳೆದಂತೆ ಹತ್ತಿರ ತರಬೇಕು. ಫಿರಂಗಿಗೇ ಒಗ್ಗಿಕೊಳ್ಳುವ ಪ್ರಾಣಿಗೆ ನೀಲಿ ಡ್ರಮ್ಮು ಯಾವ ಲೆಕ್ಕ? ಆದರೆ ಎಷ್ಟು ದೂರದಲ್ಲಿ ಅವನು ನೆಮ್ಮದಿಯಾಗಿರುತ್ತಾನೋ ಅಲ್ಲಿಂದ ಶುರು ಮಾಡಬೇಕು. ಆ ಜಾಗ ಎಲ್ಲಿ ಅಂತ ಅವನೇ ಹೇಳುತ್ತಾನೆ, ನಾವು ಹೇಳುವುದಲ್ಲ.

ಟಾಂಗಾ_ಮೊಮ್ಮಗ

ಸರ್, ಕುದುರೆಯ ಎಡಗಣ್ಣು ಕಂಡದ್ದು ಬಲಗಣ್ಣಿಗೆ ಗೊತ್ತಾಗಲ್ಲ ಅಂತಾರಲ್ಲ, ಅದು ನಿಜಾನಾ? ಹಾಗಿದ್ರೆ ಎರಡೂ ಕಡೆಯಿಂದ ತೋರಿಸಬೇಕಲ್ವಾ?

ಪಶುವೈದ್ಯ_ತುಮಕೂರು

ಹಳೆಯ ನಂಬಿಕೆ ಅದು, ನಿಜವಲ್ಲ. ಒಂದು ಕಣ್ಣಿಂದ ಕಲಿತದ್ದು ಇನ್ನೊಂದು ಕಣ್ಣಿಗೆ ದಾಟುತ್ತದೆ. ಆದರೆ ಅದೇ ವಸ್ತು ಬೇರೆ ಕೋನದಿಂದ ಬೇರೆ ವಸ್ತುವಾಗಿ ಕಾಣಬಹುದು. ಹಾಗಾಗಿ ಎರಡೂ ಕಡೆಯಿಂದ ತೋರಿಸುವ ಅಭ್ಯಾಸ ಒಳ್ಳೆಯದೇ.

ಮೂಲೆಯ ನೆರಳಿನ ಬಗ್ಗೆಯೂ ಒಂದು ಮಾತು. ಬಿಸಿಲಿಂದ ನೆರಳಿಗೆ ಹೋದಾಗ ಕುದುರೆಯ ಕಣ್ಣು ಹೊಂದಿಕೊಳ್ಳಲು ನಮ್ಮ ಕಣ್ಣಿಗಿಂತ ಹೆಚ್ಚು ಹೊತ್ತು ಬೇಕು. ಬಣ್ಣಗಳಲ್ಲಿ ಅದಕ್ಕೆ ಚೆನ್ನಾಗಿ ಕಾಣುವುದು ನೀಲಿ ಮತ್ತು ಹಳದಿ. ಕಪ್ಪು ನೆರಳೊಳಗೆ ಎದ್ದು ಕಾಣುವ ನೀಲಿ ಡ್ರಮ್ಮು, ಅದರ ಮೇಲೆ ಮೊಟಕು ಲಗಾಮು. ತಲೆ ಎತ್ತಿ ಇಳಿಸಿ ನೋಡಿಯೇ ಅದು ದೂರ ಅಳೆಯುವುದು, ಆ ಸ್ವಾತಂತ್ರ್ಯವನ್ನೂ ಕಿತ್ತುಕೊಂಡರೆ ಹಾರುವುದೊಂದೇ ದಾರಿ.

ಜಮಖಂಡಿ_ಸವಾರ

ಎಲ್ಲಾರೂ ಛಲೋ ಹೇಳೀರಿ. ಒಂದು ಮಾತು ಬಿಟ್ಟದ ನೋಡ್ರಿ. ಅಕ್ಕಾರ, ನೀವು ದಿನಾ ಎಷ್ಟ್ ಹೊತ್ತು ಅವನ ಸಂಗಾಟ ಇರ್ತೀರಿ? ಒಂದೆರಡು ತಾಸು. ಉಳದ ಹೊತ್ತೆಲ್ಲಾ ಅವನ್ನ ನೋಡಾಂವ ಸೈಸ್. ಮೇವು ಹಾಕಾಂವ ಅಂವ, ಲದ್ದಿ ಬಳಿಯಾಂವ ಅಂವ, ಮೈ ತಿಕ್ಕಾಂವ ಅಂವ. ಅಂವನ್ನ ಕೇಳೀರೇನು?

ನಮ್ಮ ಕಡೆ ಜಾತ್ರಿಗೆ ಕುದರಿ ಗಾಡಿ ಶರ್ಯತ್ತು ನಡಿತಾವ. ಕುದರಿ ಸಾಕಿದ ಮನ್ಯಾಗ ಎಲ್ಲಾರೂ ಒಂದ ಥರಾ ಕರೀತಾರ, ಒಂದ ಥರಾ ನಿಲ್ಲಸ್ತಾರ. ಮಗಾ ಒಂದ್ ಹೇಳಿ ಅಪ್ಪಾ ಒಂದ್ ಹೇಳಿದ್ರ ಕುದರಿ ಯಾರ ಮಾತೂ ಕೇಳಂಗಿಲ್ಲ. ನೀವು ಹಗ್ಗಾ ಸಡಲ ಬಿಟ್ಟು ಕಲಸೂದು, ಅತ್ಲಾಗ ಇನ್ನೊಬ್ಬಾಂವ ಬಾಯಿ ಹಿಡದ ಜಗ್ಗೂದು, ಹಿಂಗಾದ್ರ ವರ್ಷಾದ್ರೂ ಹತ್ತಂಗಿಲ್ರಿ. ಲಾಯದಾಗ ಎಲ್ಲಾರನ್ನೂ ಕುಂಡ್ರಿಸಿ ಮಾತಾಡ್ರಿ. ಸೈಸ್‌ಗೆ ಮರ್ಯಾದಿ ಕೊಟ್ಟು ಕೇಳ್ರಿ, ನಿಮಗ ಗೊತ್ತಿಲ್ಲದ್ದು ಅಂವಗ ಗೊತ್ತಿರ್ತದ.

ಲಾಯದ_ಹುಡುಗಿ

ಇಷ್ಟು ದಿನ ಉತ್ತರಿಸದೆ ಇದ್ದದ್ದಕ್ಕೆ ಕ್ಷಮಿಸಿ. ಹೇಳೋಕೆ ಏನಾದರೂ ಗಟ್ಟಿ ವಿಷಯ ಇರಲಿ ಅಂತ ಕಾಯ್ತಿದ್ದೆ.

ಪಶುವೈದ್ಯರು ಬಂದು ನೋಡಿದರು. ಹಲ್ಲಿನ ಅಂಚು ಕೆನ್ನೆಯ ಒಳಗೆ ಎರಡೂ ಕಡೆ ಗಾಯ ಮಾಡಿತ್ತು, ಅರದಿಂದ ಉಜ್ಜಿ ಸರಿ ಮಾಡಿದರು. ಜಠರದ ಹುಣ್ಣೂ ಇದೆ, ಔಷಧ ನಡೀತಿದೆ. ಜೀನು ಭುಜದ ಹಿಂದೆ ಒತ್ತುತ್ತಿತ್ತು. ತುಮಕೂರಿನ ಸರ್ ಹೇಳಿದ ಒಣ ಗುರುತು ನನ್ನ ಅಂಗೈಗಿಂತ ದೊಡ್ಡದಿತ್ತು. ಬೇರೆ ಅಗಲದ ಜೀನು ಸಿಗೋವರೆಗೂ ಮೇಲೆ ಹತ್ತಲೇ ಇಲ್ಲ.

ಜಮಖಂಡಿ ಅಣ್ಣಾವ್ರೇ, ನಿಮ್ಮ ಮಾತು ಕೇಳಿ ಸೈಸ್ ಅಣ್ಣನ ಹತ್ತಿರ ಕೂತೆ. ಅವರು ಹೇಳಿದ್ದು ಹೀಗೆ: ಕರಿಯ ಎಲ್ಲರಿಗೂ ಬೆನ್ನು ತಿರುಗಿಸಲ್ಲ, ತಲೆಗೆ ಹಾಕೋ ಲಗಾಮು ಕೈಲಿದ್ದರೆ ಮಾತ್ರ ತಿರುಗಿಸ್ತಾನೆ, ಬಕೆಟ್ ಹಿಡ್ಕೊಂಡು ಹೋದರೆ ಬಾಗಿಲಿಗೇ ಬರ್ತಾನೆ. ಬಾಯಲ್ಲಿ ಗಾಯ ಇದ್ದದ್ದಕ್ಕೇ ಹಾಗೆ ಅಂತ ಆಗ ನನಗೆ ಅರ್ಥ ಆಯ್ತು. ಈಗ ಬೆಳಗ್ಗೆ ಬರಿಗೈಯಲ್ಲಿ ಹೋಗ್ತೀನಿ. ಭುಜದ ಪಕ್ಕ ನಿಂತು ಕೆರೀತೀನಿ. ಮೊದಮೊದಲು ಚರ್ಮ ಅದುರಿಸಿ ದೂರ ಸರೀತಿದ್ದ. ಈಚೆಗೆ ಒಂದು ಬೆಳಗ್ಗೆ ಕತ್ತು ಇಳಿಸಿ, ಮೇಲ್ದುಟಿ ಮುಂದಕ್ಕೆ ಚಾಚಿ ಅದನ್ನ ಅಡ್ಡಡ್ಡ ಆಡಿಸ್ತಾ ನಿಂತ. ನಾನು ಕೈ ತೆಗೆದರೆ ಒಂದು ಹೆಜ್ಜೆ ಸರಿದು ಆ ಜಾಗವನ್ನ ನನ್ನ ಕೈ ಕೆಳಗೇ ತಂದ! ಟಾಂಗಾ ಮೊಮ್ಮಗ, ನಿಮ್ಮ ತಾತನಿಗೆ ನನ್ನ ದೊಡ್ಡ ನಮಸ್ಕಾರ.

ಮೆಟ್ಟಿಲ ಪಾಠ ಅಶ್ವದಳ ಸರ್ ಹೇಳಿದ ಹಾಗೇ ಮಾಡ್ತಿದ್ದೀನಿ. ನಿಲ್ತಾನೆ, ಕೂತ ಮೇಲೂ ನಿಲ್ತಾನೆ. ಡ್ರಮ್ಮಿನ ಹತ್ತಿರ ಇನ್ನೂ ಪೂರ್ತಿ ಸರಿಯಾಗಿಲ್ಲ. ಕೆಳಗಿಂದ ನಡೆಸಿಕೊಂಡು ಹೋದರೆ ಮೂಸಿ ನೋಡ್ತಾನೆ, ಮೇಲೆ ಕೂತರೆ ಕಿವಿ ಚೂಪು ಮಾಡ್ತಾನೆ, ಆದರೆ ಹಾರಲ್ಲ.

ಎರಡು ಪ್ರಶ್ನೆ. ಜೀನು ಬದಲಾದರೂ ಹೊಟ್ಟೆಪಟ್ಟಿ ಕಂಡರೆ ಇನ್ನೂ ಕಿವಿ ಹಿಂದಕ್ಕೆ ಹಾಕ್ತಾನೆ, ಯಾಕೆ? ಕೆರೆ ಏರಿಗೆ ಯಾವಾಗ ಕರ್ಕೊಂಡು ಹೋಗಬಹುದು? ದಾರೀಲಿ ಬೀದಿನಾಯಿ, ಬೈಕು ಎಲ್ಲ ಇರುತ್ತೆ.

ಪಶುವೈದ್ಯ_ತುಮಕೂರು

ನೋವು ಹೋದರೂ ನೋವಿನ ನೆನಪು ಬೇಗ ಹೋಗುವುದಿಲ್ಲ, ತಂಗಿ. ಪಟ್ಟಿಯನ್ನು ಒಂದೇ ಸಲ ಬಿಗಿಯಬೇಡಿ. ಮೊದಲು ಸಡಿಲವಾಗಿ ಮುಟ್ಟುವಷ್ಟು, ನಾಲ್ಕು ಹೆಜ್ಜೆ ನಡೆಸಿ ಒಂದು ತೂತು, ಇನ್ನಷ್ಟು ನಡೆಸಿ ಇನ್ನೊಂದು. ಎದುರಿಗೆ ಹುಲ್ಲಿರಲಿ. ಕಿವಿ ಹಿಂದಕ್ಕೆ ಹೋದರೆ ಅಲ್ಲೇ ನಿಲ್ಲಿಸಿ, ಕಿವಿ ಸಡಿಲವಾದ ಮೇಲೆ ಮುಂದುವರಿಸಿ. ಔಷಧದ ಅವಧಿ ಮುಗಿಯುವ ಮೊದಲು ಸುಧಾರಿಸಿದ ಅಂತ ನಿಲ್ಲಿಸಬೇಡಿ.

ಬಯಲು_ಜಿಗಿತ

ನಾನು ಇವೆಂಟಿಂಗ್ ಅನ್ನೋ ಮೂರು ಹಂತದ ಕುದುರೆ ಸವಾರಿ ಸ್ಪರ್ಧೆಯ ಹುಚ್ಚಿನವನು. ಕರಿಯನ ಕಥೆ ಓದಿ ಖುಷಿ ಆಯ್ತು, ಅದಕ್ಕೇ ಒಂದು ಸೇರಿಸ್ತೀನಿ. ನಮ್ಮ ಬೆಂಗಳೂರಿನ ಫೌವಾದ್ ಮಿರ್ಜಾ 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಸೆನ್ಯೂರ್ ಮೆಡಿಕಾಟ್ ಕುದುರೆ ಜೊತೆ ವೈಯಕ್ತಿಕ ಬೆಳ್ಳಿ, ತಂಡದ ಬೆಳ್ಳಿ ಎರಡೂ ಗೆದ್ದರಲ್ಲ. ವೈಯಕ್ತಿಕ ವಿಭಾಗದಲ್ಲಿ ಭಾರತಕ್ಕೆ 1982ರ ನಂತರ ಬಂದ ಮೊದಲ ಪದಕ ಅದು. ಮಧ್ಯೆ ಕುದುರೆಗೆ ಗಾಯ ಆಯ್ತು. ಗುಣ ಆದ ಮೇಲೆ ಅದೇ ಜೋಡಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 23ನೇ ಸ್ಥಾನಕ್ಕೆ ಬಂತು.

ಇವೆಂಟಿಂಗ್‌ನಲ್ಲಿ ಕ್ರಾಸ್ ಕಂಟ್ರಿ, ಅಂದರೆ ಬಯಲಲ್ಲಿ ಅಡೆತಡೆ ಹಾರ್ತಾ ಓಡೋ ಹಂತ, ನೋಡುವಾಗ ಒಂದು ವಿಷಯ ಗಮನಿಸಿ. ಸವಾರರು ಹಿಂದಿನ ದಿನಗಳಲ್ಲಿ ಇಡೀ ದಾರಿ ಕಾಲ್ನಡಿಗೆಯಲ್ಲಿ ಅಳೆದಿರ್ತಾರೆ, ಕುದುರೆಗೆ ಆ ಅವಕಾಶ ಇಲ್ಲ. ನೀರು, ಹಳ್ಳ, ಮರದ ದಿಮ್ಮಿ, ಎಲ್ಲವನ್ನೂ ಅದು ಓಡುತ್ತಲೇ ಮೊದಲ ಸಲ ನೋಡೋದು. ಸಾಲದ್ದಕ್ಕೆ ಟಾಂಗಾ ಮೊಮ್ಮಗ ಹೇಳಿದ ಹಣೆ ಮುಂದಿನ ಕುರುಡು ಜಾಗ. ಜಿಗಿಯೋ ಗಳಿಗೆಯಲ್ಲಿ ಮೂಗಿನ ಕೆಳಗಿನ ಬೇಲಿ ಅದಕ್ಕೆ ಕಾಣಿಸ್ತಾನೇ ಇರಲ್ಲ. ಆಚೆ ಬದಿ ಏನಿದೆ ಗೊತ್ತಿಲ್ಲದೆ ಸವಾರನ ಮಾತಿನ ಮೇಲೆ ಹಾರುತ್ತೆ. ಅಂಥ ಮಾತು ಒಂದು ದಿನದಲ್ಲಿ ಹುಟ್ಟಲ್ಲ. ನೀವು ಡ್ರಮ್ಮಿನ ಹತ್ತಿರ ಮಾಡ್ತಿರೋದೂ ಅದೇ ಕೆಲಸ.

ಅಶ್ವದಳ_ನಿವೃತ್ತ

ಕೆರೆ ಏರಿಗೆ ಹೋಗುವ ಬಗ್ಗೆ. ಮೊದಲು ಮೇಲೆ ಕೂರದೆ, ಕೈಯಲ್ಲಿ ಹಿಡಿದು ನಡೆಸಿಕೊಂಡು ಹೋಗು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡ, ಮಡಚಿ ಹಿಡಿ. ಎಳೆದರೆ ಬೆರಳು ಹೋಗುತ್ತದೆ. ಬೈಕು ಬಂದರೆ ಅಗಲವಾದ ಕಡೆ ನಿಂತು, ಅವನಿಗೆ ಅದು ಕಾಣುವ ಹಾಗೆ ಓರೆಯಾಗಿ ತಿರುಗಿಸು. ನಾಯಿ ಹಿಂದಿನಿಂದ ಬೊಗಳಿಕೊಂಡು ಬಂದರೆ ಓಡಿಸಲು ಹೋಗಬೇಡ, ಕುದುರೆಯ ಮುಖವನ್ನು ನಾಯಿಯ ಕಡೆ ತಿರುಗಿಸು. ನಾಯಿಯೇ ನಿಲ್ಲುತ್ತದೆ, ಕುದುರೆಗೂ ಧೈರ್ಯ ಬರುತ್ತದೆ. ಅವನು ಇನ್ನೂ ಸಮಾಧಾನದಲ್ಲಿರುವಾಗಲೇ ವಾಪಸ್ ಬಾ. ಇನ್ನೊಂದಷ್ಟು ದೂರ ಅಂತ ಆಸೆಪಟ್ಟು ಹೋಗಿ ಬೆದರಿಸಿಕೊಂಡು ಬರಬೇಡ.

ಮೇಲೆ ಕೂತು ಹೋಗುವ ದಿನ ಒಬ್ಬಳೇ ಹೋಗಕೂಡದು. ಪಳಗಿದ ಕುದುರೆ ಜೊತೆಗಿರಲಿ, ಮೊದಲು ಅದು ಮುಂದೆ, ಕರಿಯ ಹಿಂದೆ.

ನಾಗಾಲೋಟ

ಮೇಡಂ, ಇಷ್ಟೂ ದಿನ ಎಲ್ಲರದ್ದೂ ಓದ್ತಾ ಇದ್ದೆ. ಬಾಯಿಗಾಯದ ವಿಷಯ ಕೇಳಿ ನನ್ನ ಲಾಯದ ಎಲ್ಲ ಕುದುರೆಗಳ ಹಲ್ಲೂ ನೋಡಿಸಿದೆ, ಎರಡಕ್ಕೆ ಕೆಲಸ ಇತ್ತು.

ನಾನಿರೋದು ದೇವನಹಳ್ಳಿ ಕಡೆ. ನನ್ನ ಹತ್ತಿರ ಹದಿನೆಂಟು ವರ್ಷದ ಹೆಣ್ಣು ಕುದುರೆ ಇದೆ, ಲಾರಿ ಹಾರ್ನ್ ಹೊಡೆದರೂ ಹುಲ್ಲು ಬಿಟ್ಟು ತಲೆ ಎತ್ತಲ್ಲ. ನಿಮ್ಮ ಲಾಯಕ್ಕೆ ಗಾಡೀಲಿ ಕರ್ಕೊಂಡು ಬರ್ತೀನಿ. ಮೊದಲ ದಿನ ಸವಾರಿ ಬೇಡ, ಎರಡನ್ನೂ ಬೇಲಿಯ ಆಚೆ ಈಚೆ ಬಿಡೋಣ, ಪರಸ್ಪರ ಒಪ್ಪಿದ ಮೇಲೆ ಒಟ್ಟಿಗೆ ನಡೆಸಿಕೊಂಡು ಹೋಗೋಣ. ಭಾನುವಾರ ಬೆಳಗ್ಗೆ ಬೇಗ ಆದರೆ ಏರಿ ಮೇಲೆ ಬೈಕುಗಳೂ ಕಡಿಮೆ ಇರುತ್ತೆ. ನಿಮ್ಮ ಸೈಸ್ ಅಣ್ಣನೂ ಇರಲಿ. ಜಾಗ ಎಲ್ಲಿ ಅಂತ ಮೆಸೇಜ್ ಮಾಡಿ.

ಪಶುವೈದ್ಯ_ತುಮಕೂರು

ಹೊಸ ಜೀನನ್ನು ಇನ್ನು ಮೂರು ತಿಂಗಳಿಗೆ ಮತ್ತೊಮ್ಮೆ ಅಳತೆ ಮಾಡಿಸಿ. ಈಗ ಅವನ ಬೆನ್ನು ತುಂಬಿಕೊಳ್ಳುತ್ತಾ ಬರುತ್ತದೆ, ಇವತ್ತು ಸರಿಯಾಗಿ ಕೂತ ಜೀನು ಆಗ ಬಿಗಿಯಾಗಬಹುದು. ಮತ್ತೆ ಕಿವಿ ಅಂಟಿಸಲು ಶುರು ಮಾಡಿದರೆ ಮೊದಲು ಅದನ್ನೇ ನೋಡಿ.